ದಿನಕ್ಕೆ ಅರ್ಧ ಗಂಟೆ

ಕಾಲೇಜಿನ ಲೈಬ್ರರಿ,
ಸೋಮವಾರ, ಬೆಳಿಗ್ಗೆ ಹತ್ತು ಗಂಟೆ

ಅಮ್ಮಾ,

ಮೊದಲು ಕೂತುಕೋ. ಇದು ನಿಂತುಕೊಂಡು, ಒಂದು ಕಣ್ಣು ಅಣ್ಣನ ಮೇಲಿಟ್ಟು ಓದುವ ಕಾಗದ ಅಲ್ಲ. ಅವನ ಮಧ್ಯಾಹ್ನದ ಊಟ ಮುಗಿದು, ಅವನು ದಿಂಬಿಗೆ ಒರಗಿದ ಮೇಲೆ ನಿನ್ನ ಹೊಲಿಗೆ ಮಿಷನ್ನಿನ ಸ್ಟೂಲಿನಲ್ಲಿ ಕೂತು ಓದು. ಹೊಲಿಯುತ್ತಾ ಓದಬೇಡ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಬಾಯಿ ತೆಗೆಯುವಷ್ಟರಲ್ಲಿ ನೀನು "ಆಯ್ತು ಚಿಳ್ಳೆ, ಆಮೇಲೆ ಮಾತಾಡೋಣ, ಅಣ್ಣ ಕೂಗ್ತಿದಾನೆ, ಇಡು" ಅಂತೀಯ. ನಿನ್ನ ಆ ‘ಆಮೇಲೆ’ ಈ ಜನ್ಮದಲ್ಲಿ ಬರುವ ಹಾಗೆ ಕಾಣುವುದಿಲ್ಲ. ಅದಕ್ಕೇ ಕಾಗದ. ನನ್ನದು ಹಾಸ್ಟೆಲ್ ಕನ್ನಡ, ಅರ್ಧ ಇಂಗ್ಲಿಷ್‌ನಲ್ಲಿ ಯೋಚಿಸಿ ಉಳಿದರ್ಧ ತಡವರಿಸುವ ಜಾತಿ. ತಪ್ಪಿರುವ ಕಡೆ ಹೊಲಿಗೆ ಬಿಚ್ಚಿ ನೀನೇ ಸರಿಮಾಡಿಕೋ.

ವಿಷಯ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಟೆನ್ಷನ್ನಿನಲ್ಲಿ ಅದನ್ನೇ ಬಿಟ್ಟು ಉಳಿದದ್ದೆಲ್ಲ ಬರೆಯುತ್ತೇನೆ. ಇದರ ಜೊತೆ ಒಂದು ಫಾರ್ಮ್ ಇದೆ. ಕೊನೆಯ ಪುಟದಲ್ಲಿ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿರುವ ಕಡೆ ನಿನ್ನ ಸಹಿ ಬೇಕು. ಅದು ಶುಕ್ರವಾರ ಸಂಜೆ ಐದರೊಳಗೆ ಇಲ್ಲಿನ ಆರೈಕೆದಾರರ ಕೇಂದ್ರಕ್ಕೆ ಮುಟ್ಟಬೇಕು. ಮುಟ್ಟಿದರೆ ಅವರ ವಿಶ್ರಾಂತಿ ಮನೆಯಲ್ಲಿ ಅಣ್ಣನಿಗೆ ಹದಿನಾಲ್ಕು ದಿನ ಹಾಸಿಗೆ. ಆಮೇಲೆ ಒಂದು ತಿಂಗಳು ದಿನಾ ಬೆಳಿಗ್ಗೆ ನಾಲ್ಕು ಗಂಟೆಗಳ ಕಾಲ ನಮ್ಮ ಮನೆಗೇ ಒಬ್ಬ ಸಹಾಯಕ ಬರುತ್ತಾನೆ. ಅಷ್ಟರಲ್ಲಿ ನಿನ್ನ ಭುಜದ ಆಪರೇಷನ್ ಆಗಿ, ನೀನು ಭಾರ ಎತ್ತದೆ ಇರಬೇಕಾದ ಆರು ವಾರವೂ ಕಳೆದಿರುತ್ತದೆ. ಮುಟ್ಟದಿದ್ದರೆ ಹಾಸಿಗೆ ಮುಂದಿನವರಿಗೆ. ನಮ್ಮ ಸರದಿ ಮತ್ತೆ ಬರಲು ಏಳು ತಿಂಗಳು.

ಹೌದು, ಆಪರೇಷನ್. ನನಗೆ ಗೊತ್ತಿದೆ.

ರಜೆಯಲ್ಲಿ ನಾನು ಬಂದಾಗ ನೀನು ಆಸ್ಪತ್ರೆಗೆ ಹೋಗಿ ಬಂದೆಯಲ್ಲ, "ಉಳುಕಿದೆ ಅಷ್ಟೇ, ಮುಲಾಮು ಕೊಟ್ಟಿದಾರೆ" ಅಂದೆ. ಮಾರನೆಯ ದಿನ ಸ್ಕೂಲ್ ಯೂನಿಫಾರ್ಮುಗಳ ಕಾಲರ್ ಕತ್ತರಿಸಲು ನಿನಗೆ ಪ್ಯಾಟರ್ನ್ ಎತ್ತಿಕೊಟ್ಟವಳು ನಾನು. ಗಟ್ಟಿ ಕಾಗದ ಅಂತ ನೀನು ಡಾಕ್ಟರ ಚೀಟಿಯನ್ನೇ ಕಾಲರಿನ ಆಕಾರಕ್ಕೆ ಕತ್ತರಿಸಿಟ್ಟಿದ್ದೆ! ಅದರ ಹಿಂಬದಿಯಲ್ಲಿ ಅರ್ಧ ಸಾಲು ಉಳಿದಿತ್ತು: ‘ಸ್ನಾಯು ಹರಿದಿದೆ, ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಕೈ ಮೇಲೆ’— ಅಲ್ಲಿಗೆ ಕತ್ತರಿ ಓಡಿತ್ತು. ಕೈ ಮೇಲೆ ಏನಾಗುವುದಿಲ್ಲ ಅಂತ ಊಹಿಸಲು ನಾನು ಡಾಕ್ಟರ್ ಆಗಬೇಕಿಲ್ಲ. ಮೇಲಿನ ಶೆಲ್ಫಿನ ಡಬ್ಬಿಯನ್ನು ನೀನು ಈಗ ಎಡಗೈಯಲ್ಲಿ ಇಳಿಸುವುದನ್ನು ನೋಡಿದ್ದೇನೆ. ಆವತ್ತು ಕೇಳಲಿಲ್ಲ. ಕೇಳಿದರೆ ನೀನು ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು, ನಾನು ಅದನ್ನೂ ನಂಬಬೇಕಾಗುತ್ತಿತ್ತು.

ಅಲ್ಲಿಂದ ಬಂದ ವಾರವೇ ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಈ ಕೇಂದ್ರದ ಹೆಸರು ನೋಡಿದೆ. ‘ಮನೆಯಲ್ಲಿ ಯಾರನ್ನಾದರೂ ದೀರ್ಘಕಾಲದಿಂದ ನೋಡಿಕೊಳ್ಳುತ್ತಿದ್ದೀರಾ? ನಿಮ್ಮನ್ನು ನೋಡಿಕೊಳ್ಳುವವರು ಯಾರು?’ ಅಂತ ಇತ್ತು. ಹದಿನೈದು ನಿಮಿಷ ಅದರ ಮುಂದೆ ನಿಂತಿದ್ದೆ. ಹಿಂದಿನಿಂದ ಯಾರೋ "ಇದೇನು ಎಕ್ಸಾಮ್ ಟೈಮ್‌ಟೇಬಲ್ಲಾ?" ಅಂದರು. ಹೂಂ ಅಂದೆ. ಆಮೇಲೆ ಆ ಹುಡುಗಿಗೂ ಟೆನ್ಷನ್ ಶುರುವಾಯಿತು.

ನಾನು ಕಳಿಸಿದ ಫಾರ್ಮನ್ನು ನೀನು ತುಂಬಿ, ಅಂಟು ಹಾಕಿ, ‘ಒಡೆಯಬೇಡ, ಹಾಗೇ ಕೊಡು’ ಅಂತ ಮೇಲೆ ಬರೆದು ಕಳಿಸಿದೆ. ಆಣೆ ಮಾಡುತ್ತೇನೆ, ಒಡೆಯಲಿಲ್ಲ. ಹಾಗೇ ಕೊಟ್ಟೆ. ಕಳೆದ ವಾರ ಅಲ್ಲಿನ ಕೌನ್ಸೆಲರ್ ಮೇಡಂ ಕರೆದು ಅದನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ಓದಮ್ಮಾ, ನಿಮ್ಮನೇಲಿ ಎಲ್ಲ ಸುಖವಾಗಿದೀರಂತೆ" ಅಂದರು.

ಓದಿದೆ.

ಐದನೆಯ ಪ್ರಶ್ನೆ: ‘ದಿನಕ್ಕೆ ಎಷ್ಟು ಗಂಟೆ ಆರೈಕೆ ಮಾಡುತ್ತೀರಿ?’ ನೀನು ಬರೆದಿದ್ದೀಯ: ‘ಅರ್ಧ ಗಂಟೆ.’

ಅಮ್ಮಾ! ಅರ್ಧ ಗಂಟೆ! ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಹೊಳೆಯಿತು. ಫಿಜಿಯೋಥೆರಪಿಯವರು ಹೇಳಿಕೊಟ್ಟ ಕೈಕಾಲಿನ ವ್ಯಾಯಾಮ ಮಾಡಿಸುತ್ತೀಯಲ್ಲ, ಆ ಅರ್ಧ ಗಂಟೆ. ಅದೊಂದೇ ನಿನ್ನ ಲೆಕ್ಕದಲ್ಲಿ ಆರೈಕೆ, ಯಾಕೆಂದರೆ ಅದನ್ನು ಒಬ್ಬರು ಕೋಟು ಹಾಕಿಕೊಂಡವರು ಹೇಳಿಕೊಟ್ಟಿದ್ದಾರೆ. ಉಳಿದದ್ದೆಲ್ಲ ನಿನಗೆ ಮನೆಗೆಲಸ.

ಏಳನೆಯದು: ‘ನಿಮ್ಮ ಆರೋಗ್ಯ ಹೇಗಿದೆ?’ ನಿನ್ನ ಉತ್ತರ: ‘ಚೆನ್ನಾಗಿದೆ, ಎರಡು ದಿನದಿಂದ ಸ್ವಲ್ಪ ಕಫ.’ ಆ ಕಫ ಅಣ್ಣನದು! ನಿಮ್ಮ ಅಂದರೆ ನಿನ್ನ, ಅಮ್ಮಾ. ಒಂಬತ್ತನೆಯದು: ‘ನಿಮಗೆ ಯಾವ ಸಹಾಯ ಬೇಕು?’ ‘ಏನೂ ಬೇಡ. ಕೇಳಿದ್ದಕ್ಕೆ ಸಂತೋಷ.’

ಲೈಬ್ರರಿಯಲ್ಲಿ ಕೂತು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

ಮೇಡಂ ಒಂದು ಮಾತು ಹೇಳಿದರು. "ಬೇರೆ ಕಡೆ ಜನ ಜಾಸ್ತಿ ಹೇಳಿ ಸಿಕ್ಕಿಬೀಳ್ತಾರೆ ಕಣಮ್ಮ. ನನ್ನ ಟೇಬಲ್ಲಿಗೆ ಬರೋ ಹತ್ತು ಫಾರ್ಮಲ್ಲಿ ಎಂಟು, ಕಮ್ಮಿ ಹೇಳಿರೋವೇ. ನಾನೂ ನಮ್ಮತ್ತೇನ ಹನ್ನೊಂದು ವರ್ಷ ನೋಡ್ಕೊಂಡೆ. ನಾನು ಒಂದು ಗಂಟೆ ಅಂತ ಬರೆದಿದ್ದೆ. ನಿಮ್ಮಮ್ಮ ನನ್ನನ್ನೂ ಸೋಲಿಸಿದ್ರು." ಎರಡು ಗಂಟೆಗಿಂತ ಕಡಿಮೆ ಅಂದರೆ ಫಾರ್ಮು ‘ತುರ್ತಿಲ್ಲ’ ಅನ್ನುವ ಕಟ್ಟಿಗೆ ಹೋಗುತ್ತದಂತೆ. ಒಂದು ದಿನದ ಕೆಲಸವನ್ನು ಬೆಳಗಿನಿಂದ ಬರೆದು ಲಗತ್ತಿಸು, ಆದರೆ ತಿದ್ದಿದ್ದಕ್ಕೆ ಮತ್ತೆ ಸಹಿ ಬೇಕು, ಅದು ಅವರದೇ ಆಗಬೇಕು ಅಂದರು.

ನಾನೇ ಬರೆದೆ. ನೀನು ತುಂಬಿದ ಅದೇ ಫಾರ್ಮಿನ ಹಿಂದೆ ಪಿನ್ ಮಾಡಿರುವ ಮೂರು ಹಾಳೆ ಅದೇ. ಬೆಳಿಗ್ಗೆ ಐದೂವರೆಗೆ ಅಣ್ಣನ ಮಗ್ಗುಲು ಬದಲಿಸುವುದರಿಂದ ಶುರು. ಒದ್ದೆಯಾಗಿದ್ದರೆ ಅವನ ಬಟ್ಟೆ, ಕೆಳಹಾಸು, ಮೇಲ್ಹಾಸು. ಬೆರಳಿಗೆ ಬಟ್ಟೆ ಸುತ್ತಿ ಹಲ್ಲುಜ್ಜಿಸುವುದು. ಅವನು ಬೇಕಂತಲೇ ಕಚ್ಚುವುದು, ನೀನು "ಕಚ್ಚು ಕಚ್ಚು, ಇನ್ನೂ ಒಂಬತ್ತಿವೆ" ಅನ್ನುವುದು. (ಇದನ್ನೂ ಬರೆದಿದ್ದೇನೆ. ಮೇಡಂ ಇರಲಿ ಅಂದರು.) ತಿಂಡಿ ನುಣ್ಣಗೆ ಅರೆದು, ಚಮಚವನ್ನು ಕೆಳಗಿನಿಂದ ತಂದು, ಒಂದು ತುತ್ತು ಇಳಿದದ್ದು ಗಂಟಲಲ್ಲಿ ಕಂಡ ಮೇಲೇ ಇನ್ನೊಂದು, ಹೀಗೆ ಮುಕ್ಕಾಲು ಗಂಟೆ. ಅಂಥದ್ದು ದಿನಕ್ಕೆ ಮೂರು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಸ್ನಾನದ ಮನೆಗೆ, ಅಲ್ಲಿಂದ ಮತ್ತೆ ಕುರ್ಚಿಗೆ. ಪ್ರತಿ ಸಲವೂ ಇಪ್ಪತ್ತೈದು ವರ್ಷದ ಗಂಡಸನ್ನು, ನಿನಗಿಂತ ಒಂದೂವರೆ ಗೇಣು ಎತ್ತರದವನನ್ನು, ನೀನು ಎದೆಗೊತ್ತಿ ಎತ್ತುವುದು. ಬೆನ್ನು ಹುಣ್ಣಾಗದ ಹಾಗೆ ಪುಡಿ. ಕಫ ತೆಗೆಯುವುದು. ಎರಡು ಗಂಟೆಗೊಮ್ಮೆ ಮಗ್ಗುಲು. ರಾತ್ರಿಯೂ. ನಡುನಡುವೆ ಜನರ ಅಂಗಿಯ ಗುಂಡಿ, ಕಾಲರು, ಜಿಪ್ಪು.

ಕೂಡಿಸಿದರೆ ಹದಿನೇಳು ಗಂಟೆ ಬಂತು. ತಪ್ಪಿರಬೇಕು ಅಂತ ಎರಡು ಸಲ ಕೂಡಿಸಿದೆ. ನನ್ನ ರೂಮ್‌ಮೇಟ್ ಗಣಿತದವಳು, ಅವಳ ಕೈಲೂ ಲೆಕ್ಕ ಹಾಕಿಸಿದೆ. ಹದಿನೇಳೇ. ಅಣ್ಣನಿಗೆ ಮೆದುಳಿನ ಜ್ವರ ಬಂದಾಗ ಅವನಿಗೆ ಹನ್ನೊಂದು, ನನಗೆ ನಾಲ್ಕು. ಹದಿನಾಲ್ಕು ವರ್ಷದಿಂದ, ಅದರಲ್ಲಿ ಅಪ್ಪ ಹೋದ ಮೇಲಿನ ಆರು ವರ್ಷ ಒಬ್ಬಳೇ, ದಿನಕ್ಕೆ ಹದಿನೇಳು. ಅದನ್ನು ಅರ್ಧ ಅಂತ ಬರೆಯಲು ನಿನಗೆ ಕೈ ಹೇಗೆ ಬಂತು?

ಇಷ್ಟು ಚೆನ್ನಾಗಿ ಈ ಮಗಳಿಗೆ ಹೇಗೆ ಗೊತ್ತು ಅಂತ ನಿನಗೆ ಅನಿಸುತ್ತಿರಬೇಕು. ಅದಕ್ಕೊಂದು ಕಾರಣ ಇದೆ. ಅದನ್ನು ಹೇಳಲಿಕ್ಕೇ ಈ ಪ್ಯಾರಾದ ಹತ್ತಿರ ಬಂದು ಎರಡು ಸಲ ನೀರು ಕುಡಿಯಲು ಎದ್ದು ಹೋಗಿದ್ದೇನೆ.

ನೀನು ಆಸ್ಪತ್ರೆಗೆ ಹೋದ ದಿನ, ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಅಣ್ಣನನ್ನು ನಾನೊಬ್ಬಳೇ ನೋಡಿಕೊಂಡೆ. ಎಲ್ಲ ಸರಿಹೋಯಿತು ಅಂದೆನಲ್ಲ, ಸರಿಹೋಗಲಿಲ್ಲ. ಹನ್ನೊಂದರ ಹೊತ್ತಿಗೆ ಅವನು ಒದ್ದೆ ಮಾಡಿಕೊಂಡ. ನಾನು ಮಗ್ಗುಲು ತಿರುಗಿಸಲು ಹೋದೆ. ಅರ್ಧಕ್ಕೆ ತಿರುಗಿದ, ಅವನ ಕೈ ಮೈಕೆಳಗೆ ಸಿಕ್ಕಿಕೊಂಡಿತು. ಹಿಂದಕ್ಕೂ ತರಲಾಗದು, ಮುಂದಕ್ಕೂ ತಳ್ಳಲಾಗದು. ಅವನು ಒಂದು ಥರ ಸದ್ದು ಮಾಡಿದ. ನಾನು ಅಂಥ ಸದ್ದನ್ನು ಅವನ ಬಾಯಿಂದ ಕೇಳಿರಲಿಲ್ಲ. ಮತ್ತೆ ಏನು ಮಾಡಿದೆ ಗೊತ್ತಾ? ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಎರಡೂ ಕಿವಿ ಮುಚ್ಚಿಕೊಂಡೆ. ಎಷ್ಟು ಹೊತ್ತೋ. ಅವನು ಒಳಗೆ ಹಾಗೇ ಇದ್ದ.

ಮೇಲಿನ ಮನೆ ಕಂಡಕ್ಟರ್ ಆಂಟಿ ಹಾಲು ತರಲು ಇಳಿದವರು ನನ್ನನ್ನು ನೋಡಿದರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟವರಲ್ಲವೇ, "ಏಳು ಏಳು, ದಾರಿ ಬಿಡು, ಒಳಗೆ ನಡಿ" ಅಂತ ಬಸ್ಸು ಹತ್ತಿಸಿದ ಹಾಗೆ ನನ್ನನ್ನು ಒಳಗೆ ತಳ್ಳಿದರು. ಇಬ್ಬರೂ ಸೇರಿ ಅವನ ಕೈ ಬಿಡಿಸಿದೆವು, ಬಟ್ಟೆ ಬದಲಿಸಿದೆವು. ಸಂಜೆ ನೀನು ಅವನ ಮಣಿಕಟ್ಟಿನ ಕೆಂಪು ನೋಡಿ ಕೇಳಿದಾಗ ಕುರ್ಚಿಯ ಬೆಲ್ಟು ಅಂದೆ. ನೀನು "ಇರಲಿ ಬಿಡು, ಪಾಪ, ಅಭ್ಯಾಸ ಇಲ್ಲ ನಿಂಗೆ" ಅಂದೆ. ಬೈದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಆಂಟಿಗೆ ನಾನೇ ಹೇಳಬೇಡಿ ಅಂದಿದ್ದೆ. ಅವರ ಮೇಲೆ ಸಿಟ್ಟಾಗಬೇಡ.

ಅಣ್ಣನ ಹತ್ತಿರ ಕ್ಷಮೆ ಕೇಳಿದ್ದೇನೆ. ಅವನು ಕಣ್ಣು ಮೇಲೆ ಮಾಡಿ ತನ್ನ ‘ಹೂಂ’ ಹೇಳಿದ. ಆಮೇಲೆ ಎರಡು ದಿನ ನಾನು ಹತ್ತಿರ ಬಂದಾಗೆಲ್ಲ ಆ ಕೈಯನ್ನು ನೋಡಿ ನನ್ನನ್ನು ನೋಡಿ ನಗುತ್ತಿದ್ದ, ಬ್ಲ್ಯಾಕ್‌ಮೇಲ್ ಮಾಡುವವನ ಹಾಗೆ. ನೀನು ಅಣ್ಣ ತಂಗಿ ಎಷ್ಟು ಖುಷಿಯಾಗಿದಾರೆ ಅಂದುಕೊಂಡೆ.

ಅದಾದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಕೇಂದ್ರದಲ್ಲಿ ಶನಿವಾರ ಮನೆಯವರಿಗೆ ತರಬೇತಿ ಕೊಡುತ್ತಾರೆ. ಮೂರು ಶನಿವಾರ ಹೋಗಿದ್ದೇನೆ. (ಅಟೆಂಡೆನ್ಸ್ ಸ್ವಲ್ಪ ಹೊಡೆತ ತಿಂದಿದೆ. ಸ್ವಲ್ಪವೇ. ಕಿರುಚಬೇಡ.) ಅಲ್ಲಿ ಮೊದಲ ದಿನವೇ ಹೇಳಿದ್ದು: ಎತ್ತಬಾರದು, ಜಾರಿಸಬೇಕು. ನುಣುಪು ಬಟ್ಟೆಯ ಒಂದು ಜಾರುಹಾಸು ಇದೆ. ಅದನ್ನು ಮೈಕೆಳಗೆ ಹಾಸಿ, ಮೊಣಕಾಲು ಮಡಿಸಿ, ಭುಜ ಸೊಂಟ ಎರಡನ್ನೂ ಹಿಡಿದು ನಮ್ಮ ಕಡೆಗೆ ಎಳೆದರೆ ಬಾಗಿಲು ತೆಗೆದಷ್ಟು ಸಲೀಸಾಗಿ ಮನುಷ್ಯ ತಿರುಗುತ್ತಾನೆ. ಮೊದಲು ಅವನ ಕೈ ಎದೆಯ ಮೇಲೆ ಇಡಬೇಕು. ಅದು ಗೊತ್ತಾದಾಗ ನಾನು ಬಾತ್‌ರೂಮಿಗೆ ಹೋಗಿ ಬಂದೆ. ಹದಿನಾಲ್ಕು ವರ್ಷದಲ್ಲಿ ನಿನಗೆ ಇದನ್ನು ಯಾರೂ ಹೇಳಲಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು. ಎಲ್ಲರೂ ‘ತಾಯಿ ಅಂದ್ರೆ ಹೀಗಿರಬೇಕು’ ಅಂತ ಹೊಗಳಿದರು, ಒಬ್ಬರಾದರೂ ಒಂದು ಜಾರುಹಾಸು ತಂದುಕೊಟ್ಟರಾ?

ಗುರುವಾರ ಮಧ್ಯಾಹ್ನ ಅಲ್ಲಿ ನಿನ್ನಂಥವರೇ ಸೇರುತ್ತಾರೆ. ಒಮ್ಮೆ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಅಲ್ಲಿ ಯಾರೂ ಯಾರಿಗೂ ಪಾಪ ಅನ್ನುವುದಿಲ್ಲ. ಎಂಟು ವರ್ಷದಿಂದ ಹೆಂಡತಿಯನ್ನು ನೋಡಿಕೊಳ್ಳುತ್ತಿರುವ ಒಬ್ಬ ಮೇಷ್ಟ್ರು, "ನಿನ್ನೆ ಅವಳ ಮೇಲೆ ರೇಗಿಬಿಟ್ಟೆ. ಅವಳಿಗೆ ಇವತ್ತು ನೆನಪಿಲ್ಲ, ಅದೇ ಕೊರೀತಿದೆ" ಅಂದರು. ಎಲ್ಲರೂ ತಲೆ ಆಡಿಸಿದರು ಅಷ್ಟೇ. ಆಮೇಲೆ ಯಾವ ಅಂಗಡಿಯಲ್ಲಿ ಡೈಪರ್ ಚೆನ್ನಾಗಿದೆ ಅಂತ ಭಾರೀ ಜಗಳ. ನಿನಗೆ ಆ ಜಗಳ ತುಂಬ ಇಷ್ಟವಾಗುತ್ತದೆ.

ಈಗ ನೀನು ಹೇಳುವುದು ನನಗೆ ಕೇಳಿಸುತ್ತಿದೆ. "ಹೆತ್ತೋಳು ನಾನು ಗಟ್ಟಿಮುಟ್ಟಾಗಿದೀನಿ, ಅವನನ್ನ ಯಾರದೋ ಕೈಗೆ ಯಾಕೆ ಕೊಡ್ಲಿ? ಅವರಿಗೇನು ಗೊತ್ತು ಅವನ ವಿಷಯ?" ನನಗೂ ಅದೇ ಹೆದರಿಕೆ. ನನ್ನ ಹೆದರಿಕೆ ನಿನಗೆ ಗೊತ್ತಲ್ಲ, ರೂಮಿನ ಬೀಗವನ್ನು ಐದು ಸಲ ಎಳೆದು ನೋಡುವವಳು. ಅದಕ್ಕೇ ಕಳೆದ ಭಾನುವಾರ ಆ ವಿಶ್ರಾಂತಿ ಮನೆಗೆ ಹೋಗಿ, ಒಂದು ಇಡೀ ದಿನ ಅಣ್ಣನಾಗಿ ಇರುತ್ತೇನೆ ಅಂತ ಕೇಳಿಕೊಂಡೆ. ಹುಚ್ಚಿ ಅಂದುಕೊಂಡರೋ ಏನೋ, ಒಪ್ಪಿದರು. ಹಾಸಿಗೆಯಲ್ಲಿ ಅಲ್ಲಾಡದೆ ಮಲಗಿದೆ. ಎತ್ತುವ ಯಂತ್ರದಲ್ಲಿ ಜೋಲಿ ಕಟ್ಟಿ ನನ್ನನ್ನು ಎತ್ತಿದರು, ಹಡಗಿಗೆ ಮೂಟೆ ಏರಿಸಿದ ಹಾಗೆ. ನೋಯಲಿಲ್ಲ. ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಊಟ ಮಾಡಿಸಿದ ಹುಡುಗಿ ಚಮಚವನ್ನು ಮೇಲಿನಿಂದ ತಂದಳು, ತುಂಬ ಬೇಗ ಬೇಗ ತಿನ್ನಿಸಿದಳು. ಹೇಳಿದೆ. ಅವಳು ಮುಖ ಊದಿಸಿಕೊಂಡಳು. ಆದರೆ ಸಂಜೆ ಕೆಳಗಿನಿಂದ ತಂದಳು, ನನ್ನ ಗಂಟಲು ನೋಡುತ್ತಾ ಕಾದಳು. ಅಲ್ಲಿ ಎಲ್ಲವೂ ಪರ್ಫೆಕ್ಟ್ ಅಂತ ಹೇಳುವುದಿಲ್ಲ. ನಿನ್ನಷ್ಟು ಚೆನ್ನಾಗಿ ಯಾರೂ ಮಾಡುವುದಿಲ್ಲ. ಹೇಳಿದರೆ ಕಲಿಯುತ್ತಾರೆ, ಅಷ್ಟು ಸಾಕು ಅನ್ನಿಸಿತು. ನನಗೆ ಕೊಟ್ಟ ಹಾಸಿಗೆಯಿಂದ ಬರೀ ಗೋಡೆ ಕಾಣುತ್ತಿತ್ತು. ಅಣ್ಣನಿಗೆ ಕಿಟಕಿಯ ಪಕ್ಕದ್ದು ಕೇಳಿದ್ದೇನೆ. ಕೆಳಗೆ ಲಾರಿಗಳು ತೂಕಕ್ಕೆ ನಿಲ್ಲುವ ಜಾಗ. ಲಾರಿ ಕಂಡರೆ ಊಟವನ್ನೂ ಮರೆಯುವ ಅವನಿಗೆ ಹದಿನಾಲ್ಕು ದಿನ ಸಾಲದೇ ಹೋಗಬಹುದು.

ಇನ್ನೊಂದು ಹೇಳಬೇಕು. ಇಷ್ಟೆಲ್ಲ ಓಡಾಡಿದ ಮೇಲೆ ರೂಮ್‌ಮೇಟ್ ಒಂದು ಮಾತು ಕೇಳಿದಳು: "ನಿಮ್ಮಣ್ಣ ಏನಂತಾನೆ?" ನೀನು ಬೇಡ ಅನ್ನುತ್ತೀಯ, ನಾನು ಬೇಕು ಅನ್ನುತ್ತೇನೆ, ನಡುವೆ ಮಲಗಿರುವ ಇಪ್ಪತ್ತೈದು ವರ್ಷದವನನ್ನು ಯಾರೂ ಕೇಳಿಲ್ಲ. ಮೊನ್ನೆ ನೀನು ಹೊಲಿದ ಬಟ್ಟೆ ಕೊಡಲು ಹೋದಾಗ, ಆಂಟಿಯ ಫೋನನ್ನು ಅವನ ಕಿವಿಗೆ ಹಿಡಿಸಿ ಎಲ್ಲ ಹೇಳಿದೆ. ಅಮ್ಮನ ಭುಜದ ವಿಷಯವನ್ನೂ ಹೇಳಿದೆ. ಹೋಗ್ತೀಯಾ ಅಂತ ಕೇಳಿದೆ. ಆಂಟಿ ಆ ಕಡೆಯಿಂದ ಕೂಗಿದ್ದು ಇನ್ನೂ ಕಿವಿಯಲ್ಲಿದೆ. "ಮೇಲೆ ನೋಡ್ದ ಕಣೇ! ನಂಗೇ ನಂಬಿಕೆ ಬರ್ಲಿಲ್ಲ, ಇನ್ನೊಂದ್ಸಲ ಕೇಳ್ದೆ, ಮತ್ತೂ ಮೇಲೆ ನೋಡ್ದ! ಮೂರನೇ ಸಲಕ್ಕೆ ಕಣ್ಣೇ ಮುಚ್ಕೊಂಡ, ಸಾಕು ಮಾಡು ಮಾರಾಯ್ತಿ ಅಂತ."

ಅಂದರೆ ಅವನು ಹೋಗಲು ರೆಡಿ. ನಂಬಿಕೆ ಬರದಿದ್ದರೆ ಈಗಲೇ ತಿರುಗಿ ಕೇಳು. ನಾನು ಕಾಯುತ್ತೇನೆ.

ಕೇಳಿದೆಯಾ?

ಅಮ್ಮಾ, ನಿನ್ನ ಸಹಿಯನ್ನು ನಾನೇ ಹಾಕಿಬಿಡಬಹುದಿತ್ತು. ರಫ್ ನೋಟ್‌ಬುಕ್ಕಿನಲ್ಲಿ ಒಂದು ಪುಟ ಪ್ರಾಕ್ಟೀಸ್ ಕೂಡ ಮಾಡಿದೆ. ಕೊನೆಯ ಆರು ಸಹಿ ಎಷ್ಟು ಚೆನ್ನಾಗಿ ಬಂದಿದ್ದವು ಅಂದರೆ ನಿನಗೂ ಗೊತ್ತಾಗುತ್ತಿರಲಿಲ್ಲ. ಆ ಪುಟ ಹರಿದುಹಾಕಿದೆ. ಎಲ್ಲರೂ ನಿನ್ನನ್ನು ಕೇಳದೆ ನಿನ್ನ ಮೇಲೆ ಹೊರಿಸಿದ್ದೇ ಆಯಿತು. ಇಳಿಸುವುದನ್ನಾದರೂ ನಿನ್ನನ್ನು ಕೇಳಿ ಇಳಿಸಬೇಕು.

ಈ ಕಾಗದ ನಿನಗೆ ಬುಧವಾರ ಮುಟ್ಟುತ್ತದೆ. ಅಂಚೆಯವರನ್ನು ಎರಡು ಸಲ ಕೇಳಿದ್ದೇನೆ, ಮೂರನೆಯ ಸಲಕ್ಕೆ ಅವರು "ತಾಯೀ, ನಾನೇ ಹೊತ್ಕೊಂಡು ಹೋಗ್ಲಾ?" ಅಂದರು. ಸಹಿ ಹಾಕಿ ಆಂಟಿಯ ಕೈಗೆ ಕೊಡು. ಅವರಿಗೆ ಬಸ್ ಪಾಸ್ ಇದೆ, ಗುರುವಾರ ಬರುತ್ತಾರೆ, ನಾನು ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಬೇಡ ಅನ್ನಿಸಿದರೆ ಸಹಿ ಹಾಕದೆ ಕೊಟ್ಟು ಕಳಿಸು. ಆಗಲೂ ಆಂಟಿ ಬರಲಿ. ಬರದೇ ಇದ್ದರೆ ನಾನು ಏನೇನೋ ಊಹಿಸಿಕೊಂಡು ಸಾಯುತ್ತೇನೆ.

ಆಪರೇಷನ್ ದಿನ ನಾನು ನಿನ್ನ ಹತ್ತಿರ ಇರುತ್ತೇನೆ. ರಜೆ ಹಾಕಿಯಾಗಿದೆ. ಬೇಡ ಅನ್ನಬೇಡ. ಒಂದು ಸಲ ನಿನ್ನ ತಲೆ ಬಾಚಿ ಜಡೆ ಹಾಕುವ ಆಸೆ ಇದೆ. ನೀನು ಆಗ ಕೈ ಎತ್ತುವ ಹಾಗಿರುವುದಿಲ್ಲವಲ್ಲ, ಬಿಡಿಸಿಕೊಳ್ಳಲು ಆಗುವುದಿಲ್ಲ.

ಬೀಗ ಐದು ಸಲ ಎಳೆಯುವ, ನಿನ್ನದೇ

ಚಿಳ್ಳೆ

ಮರೆತ ಮಾತು: ಮರೆತಿರಲಿಲ್ಲ, ಮುಚ್ಚಿಟ್ಟಿದ್ದೆ. ಫಾರ್ಮಿನ ಹದಿನಾಲ್ಕನೆಯ ಪ್ರಶ್ನೆ. ‘ನಿಮ್ಮ ನಂತರ ಇವರನ್ನು ನೋಡಿಕೊಳ್ಳುವವರು ಯಾರು?’ ನೀನು ಬರೆದಿದ್ದೆ: ‘ಯಾರೂ ಇಲ್ಲ.’ ಎಂಟು ವರ್ಷದ ನನ್ನನ್ನು ಯಾಕೆ ಅಷ್ಟು ದೂರದ ಶಾಲೆಗೆ ಬಿಟ್ಟು ಬಂದೆ ಅಂತ ಇಷ್ಟು ದಿನ ನಿನ್ನ ಮೇಲೆ ಸಿಟ್ಟಿತ್ತು. ಆ ಎರಡು ಪದ ಓದಿದಾಗ ಯಾಕೆ ಅಂತ ತಿಳಿಯಿತು: ಈ ಭಾರ ನನ್ನ ತಲೆಗೆ ಬರದಿರಲಿ ಅಂತ. ತಿಳಿದ ಮೇಲೆ ನನಗೆ ಅಳು ಬರಬೇಕಿತ್ತು. ಬರಲಿಲ್ಲ, ಹಾಯೆನಿಸಿತು. ನಾಲ್ಕು ದಿನ ಹಾಯಾಗಿಯೇ ಇದ್ದೆ. ಇದನ್ನು ಹೇಳದಿದ್ದರೆ ಮೇಲೆ ಬರೆದದ್ದೆಲ್ಲ ಸುಳ್ಳಾಗುತ್ತದೆ. ಐದನೆಯ ದಿನ ಅದರ ಮೇಲೆ ಗೆರೆ ಎಳೆದು ‘ತಂಗಿ’ ಅಂತ ಬರೆದೆ. ಹೆದರಿಕೆ ಹೋಗಿಲ್ಲ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಪೆನ್ನಿನಲ್ಲಿ ಬರೆದಿದ್ದೇನೆ. ನೀನು ಮತ್ತೆ ಹೊಡೆದುಹಾಕಿದರೆ ಫಾರ್ಮು ಕೆಡುತ್ತದೆ, ಹೊಸದು ತುಂಬಿಸಲು ಶುಕ್ರವಾರದೊಳಗೆ ಸಮಯ ಇಲ್ಲ.